ಲಗ್ನದ ಸೀಸನ್‌ಗೆ ಲ್ಯಾಪ್‌ಟಾಪ್: ಡಿಜೆನೂ ಆಗಬೇಕು, ಎಲ್‌ಇಡಿ ವಾಲ್‌ಗೆ ವಿಡಿಯೊನೂ ಓಡಬೇಕು, ಬಜೆಟ್ 60 ಸಾವಿರ

ಬೆಟಗೇರಿ ಹುಡುಗ

ಎಲ್ಲರಿಗೂ ನಮಸ್ಕಾರ್ರಿ. ಗದಗ-ಬೆಟಗೇರಿಯಲ್ಲಿ ಕಾಕಾನ ಜೊತೆ ಸೌಂಡ್ ಸರ್ವಿಸ್ ಮಾಡುತ್ತೇನೆ. ಆಂಪ್ಲಿಫೈಯರ್, ಬೇಸ್ ಮತ್ತು ಟಾಪ್ ಸ್ಪೀಕರ್, ಜನರೇಟರ್ ಎಲ್ಲಾ ಕಾಕಾನ ಕಡೆ. ಹಾಡು, ಮೈಕು ಮತ್ತು ಬೀಗರ ಜೊತೆ ವಾದ ಮಾಡುವುದು ನನ್ನ ಪಾಲು.

ತುಳಸಿ ಲಗ್ನ ಆಯ್ತು ಅಂದರೆ ನಮ್ಮ ಸೀಸನ್ ಶುರು. ಅದಕ್ಕೂ ಮೊದಲು ಲ್ಯಾಪ್‌ಟಾಪ್ ತೆಗೆದುಕೊಳ್ಳಬೇಕು. ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ.

ಒಂದು, ಮೆರವಣಿಗೆ. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಬೇಸ್ ಪೇರಿಸಿ, ಹಿಂದೆ ಜನರೇಟರ್ ಇಟ್ಟು, ಮಧ್ಯದಲ್ಲಿ ನಾನು. ಲಕ್ಕುಂಡಿ, ಮುಳಗುಂದ, ನರಗುಂದ ಕಡೆಯ ಹಳ್ಳಿಗಳೇ ಜಾಸ್ತಿ. ಎರಿ ಹೊಲದ ಧೂಳು, ಗಾಳಿ, ಮಟಮಟ ಮಧ್ಯಾಹ್ನದ ಬಿಸಿಲು. ಹಾಡು ಮಿಕ್ಸ್ ಮಾಡುವ ಕಂಟ್ರೋಲರ್ ಡಿಡಿಜೆ-ಎಫ್‌ಎಲ್‌ಎಕ್ಸ್4, ಲ್ಯಾಪ್‌ಟಾಪ್‌ನ ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ.

ಎರಡು, ಕಲ್ಯಾಣ ಮಂಟಪ. ಈಗ ಹಳ್ಳಿಯವರೂ ಎಲ್‌ಇಡಿ ವಾಲ್ ಕೇಳುತ್ತಾರೆ. ನಮ್ಮದು ಇಲ್ಲ, ಹುಬ್ಬಳ್ಳಿಯಿಂದ ಬಾಡಿಗೆಗೆ ತರಿಸುತ್ತೇವೆ. ವಾಲ್ ತಂದವರು ಎಚ್‌ಡಿಎಂಐ ವೈರಿನ ಒಂದು ತುದಿ ನನ್ನ ಕೈಗೆ ಕೊಟ್ಟು ಚಹಾ ಕುಡಿಯಲು ಹೋಗುತ್ತಾರೆ. ಫೋಟೊಗ್ರಾಫರ್ ಬಂದು ಪೆನ್‌ಡ್ರೈವ್ ಕೊಟ್ಟು "4ಕೆ ಐತಿ ನೋಡು, ಮಸ್ತ್ ಕಾಣ್ತೈತಿ" ಅನ್ನುತ್ತಾನೆ. ಹಾಕಿದರೆ ಮದುಮಗ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಾನೆ, ಮತ್ತೆ ಒಂದು ಹೆಜ್ಜೆ. ಮಂಟಪದಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಾರೆ.

ಈಗಿರುವುದು ಇಂಟೆಲ್ 4ನೇ ಜನರೇಶನ್ ಐ3 ಪ್ರೊಸೆಸರ್, 8 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. ಸಂಜೆ ಹೊತ್ತಿಗೆ ಚಲೋ ನಡೆಯುತ್ತದೆ. ಬಿಸಿಲಲ್ಲಿ ಸ್ವಲ್ಪ ಹೊತ್ತಾದ ಮೇಲೆ ಹಾಡಿನ ನಡುವೆ ಟಕ್ ಟಕ್ ಅಂತ ಬರುತ್ತದೆ. ಬೇಸ್ ಜಾಸ್ತಿ ಮಾಡಿದಾಗ ಒಮ್ಮೊಮ್ಮೆ ಹಾಡೇ ನಿಂತುಬಿಡುತ್ತದೆ.

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಗೆ ಹೋಗಿ ವಿಚಾರಿಸಿ ಬಂದೆ. ಒಂದು ಅಂಗಡಿಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಬಿಟ್ಟು ಬೇರೆ ಮಾತೇ ಇಲ್ಲ. ಪಕ್ಕದವನು ಡಿಜೆ ಅಂದರೆ ಮ್ಯಾಕ್‌ಬುಕ್ಕೇ ಅಂತಾನೆ. ಇಬ್ಬರೂ ಮೆರವಣಿಗೆಯಲ್ಲಿ ಮುಂದೆ ಕುಣಿದಿರಬಹುದು, ಟ್ರೇಲರ್ ಮೇಲೆ ನಿಂತವರಲ್ಲ.

ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕಾ? 16 ಜಿಬಿ ಸಾಕಾ? ಸೆಕೆಂಡ್ ಹ್ಯಾಂಡ್ ನಡೆಯುತ್ತದಾ? ಇದೇ ಕೆಲಸ ಮಾಡುವವರು ಹೇಳಿ.

ಹಳೇ ಹುಬ್ಬಳ್ಳಿ ಬೇಸ್

ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಿ, ಕಣ್ಣು ಮುಚ್ಚಿ. ನಾನು ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್ ಇರುವುದನ್ನು ಬಳಸುತ್ತೇನೆ. ವರ್ಚುವಲ್‌ಡಿಜೆ ಸಾಫ್ಟ್‌ವೇರ್‌ನಲ್ಲಿ ಸ್ಟೆಮ್ಸ್ ಇದೆಯಲ್ಲ, ಓಡುವ ಹಾಡಿನಿಂದಲೇ ದನಿ ಬೇರೆ ಮಾಡಿ ಬರೀ ಬೀಟ್ ಉಳಿಸುವುದು, ಅದಕ್ಕೆ ಕಾರ್ಡ್ ಬೇಕು. ರಂಗಪಂಚಮಿ ದಿನ ಹಾಡಿನ ದನಿ ತೆಗೆದು ಕೆಳಗೆ ಜಗ್ಗಲಿಗೆ ಬಡಿತ ಕೂಡಿಸಿದರೆ ಓಣಿ ಹುಡುಗರು ಬಿಡುವುದಿಲ್ಲ. ವಿಡಿಯೊ ಮಿಕ್ಸಿಂಗೂ ಅದೇ ಸಾಫ್ಟ್‌ವೇರ್‌ನಲ್ಲಿ ಆಗುತ್ತದೆ. ಬಾಡಿಗೆ ಕೆಲಸಕ್ಕೆ ಪ್ರೊ ಲೈಸೆನ್ಸ್ ತಗೊಳ್ಳಬೇಕು, ಅದನ್ನೂ ಬಜೆಟ್‌ನಲ್ಲಿ ಹಿಡಿಯಿರಿ.

ಹಾನಗಲ್ ಮಾಮಾ

ತಮ್ಮಾ, ಮೊದಲು ನಿನ್ನ ಹಳೇ ಲ್ಯಾಪ್‌ಟಾಪ್‌ಗೆ ಏನಾಗಿದೆ ಅಂತ ತಿಳಿದುಕೋ. ಇಲ್ಲದಿದ್ದರೆ ಹೊಸದಕ್ಕೂ ಅದೇ ಆಗುತ್ತದೆ.

ಬೇಸ್ ಜಾಸ್ತಿ ಮಾಡಿದಾಗ ಹಾಡು ನಿಲ್ಲುತ್ತದೆ ಅಂದೆಯಲ್ಲ, ಅದು ಹಾರ್ಡ್ ಡಿಸ್ಕ್ ಕಥೆ. ಒಳಗೆ ತಟ್ಟೆ ತಿರುಗುತ್ತಿರುತ್ತದೆ, ಅದರ ಮೇಲೆ ಕೂದಲಿಗಿಂತ ಸಣ್ಣ ಅಂತರದಲ್ಲಿ ಓದುವ ಮುಳ್ಳು ಇರುತ್ತದೆ. 18 ಇಂಚಿನ ಬೇಸ್ ಮಗ್ಗುಲಲ್ಲಿ ಗುದ್ದುವಾಗ ಆ ಮುಳ್ಳು ಸಾಲು ತಪ್ಪುತ್ತದೆ. ಅದರ ಬದಲಿಗೆ ಚಿಪ್ ಮೇಲೆ ಫೈಲ್ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಇವತ್ತು ಬರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯೇ ಇರುತ್ತದೆ, ಆ ಚಿಂತೆ ಬಿಡು. ಕನಿಷ್ಠ 512 ಜಿಬಿ ನೋಡು.

ಬಿಸಿಲಲ್ಲಿ ಟಕ್ ಟಕ್ ಬರುವುದು ಬೇರೆ. ಪ್ರೊಸೆಸರ್ ಕಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಾಡು ಬಫರ್‌ನಲ್ಲಿ, ಅಂದರೆ ತಾತ್ಕಾಲಿಕ ಡಬ್ಬಿಯಲ್ಲಿ, ಚೂರು ಚೂರಾಗಿ ತುಂಬಿ ಹೊರಗೆ ಹೋಗುತ್ತಿರುತ್ತದೆ. 512 ಸ್ಯಾಂಪಲ್ ಬಫರ್ ಇಟ್ಟರೆ ಪ್ರತಿ ಚೂರಿಗೆ ಸುಮಾರು 11.6 ಮಿಲಿಸೆಕೆಂಡ್ ಅಷ್ಟೇ ಟೈಮ್. ಅಷ್ಟರಲ್ಲಿ ಮುಂದಿನ ಚೂರು ತಯಾರಾಗದಿದ್ದರೆ ಟಕ್ ಅನ್ನುತ್ತದೆ. ಬಿಸಿಲಿಗೆ 1024 ಇಡು, 23 ಮಿಲಿಸೆಕೆಂಡ್ ಸಿಗುತ್ತದೆ. ಸ್ಕ್ರ್ಯಾಚ್ ಮಾಡುವವನಿಗೆ ಗೊತ್ತಾಗಬಹುದು, ಮೆರವಣಿಗೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ವೈಫೈ, ಬ್ಲೂಟೂತ್ ಎರಡೂ ಬಂದ್ ಮಾಡು. ವೈಫೈ ಡ್ರೈವರ್ ನಡುನಡುವೆ ಎದ್ದು ಪ್ರೊಸೆಸರ್ ಹಿಡಿದು ಕೂರುತ್ತದೆ, ಎಷ್ಟೋ ಸಲ ಟಕ್ ಟಕ್‌ಗೆ ಅದೇ ಕಾರಣ. ಪವರ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅಂತ ಇದೆ, ಅದನ್ನೂ ತೆಗೆ. ಇಲ್ಲದಿದ್ದರೆ ಕಂಟ್ರೋಲರ್‌ಗೆ ನಿದ್ದೆ ಬರುತ್ತದೆ.

ಇನ್ನೊಂದು ಮಾತು. ಲ್ಯಾಪ್‌ಟಾಪನ್ನು ಆಂಪ್ಲಿಫೈಯರ್ ರ‍್ಯಾಕ್ ಮೇಲೆ ಇಡುತ್ತೀಯಾ? ನಮ್ಮ ಕಡೆ ಎಲ್ಲರೂ ಹಾಗೇ ಇಡುತ್ತಾರೆ, ಜಾಗ ಇರುವುದೇ ಅಲ್ಲಿ. ಆಂಪ್ಲಿಫೈಯರ್ ಬಿಡುವ ಬಿಸಿ ಗಾಳಿಯನ್ನೇ ಲ್ಯಾಪ್‌ಟಾಪ್ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ನೀನು ಎಷ್ಟು ಸಾವಿರದ್ದು ತಂದರೂ ಅಷ್ಟೇ. ಬೇರೆ ಸ್ಟ್ಯಾಂಡ್ ಮಾಡಿಸು, ಕೆಳಗೆ ನಾಲ್ಕು ಬೆರಳು ಗಾಳಿಗೆ ಜಾಗ ಬಿಡು, ಮೇಲೆ ನೆರಳಿಗೆ ಏನಾದರೂ ಕಟ್ಟು.

ಗೇಮಿಂಗ್ ಬಗ್ಗೆ: ಬೇಡ ಅನ್ನುವುದಿಲ್ಲ. ಆದರೆ ಚಾರ್ಜರ್ ತೆಗೆದ ಕೂಡಲೇ ಅವು ಅರ್ಧಕ್ಕರ್ಧ ಮೆತ್ತಗಾಗುತ್ತವೆ. ಜನರೇಟರ್ ಬಂದ್ ಬಿದ್ದಾಗ ಆಂಪ್ಲಿಫೈಯರ್ ಹೇಗೂ ಸುಮ್ಮನಾಗುತ್ತದೆ, ನಿಜ. ಆದರೆ ಮಂಟಪದಲ್ಲಿ ಕರೆಂಟ್‌ನಿಂದ ಜನರೇಟರ್‌ಗೆ ಬದಲಾಯಿಸುವಾಗ ಲ್ಯಾಪ್‌ಟಾಪ್ ಗಟ್ಟಿಯಾಗಿ ನಿಲ್ಲಬೇಕು.

ಹಳೇ ಹುಬ್ಬಳ್ಳಿ ಬೇಸ್

ಮಾಮಾ, ಆ ಮಾತು ಒಪ್ಪಿದೆ. ನಮ್ಮದು ಬ್ಯಾಟರಿ ಮೇಲೆ ಸ್ಟೆಮ್ಸ್ ಹಾಕಿದರೆ ಎಳೆಯುತ್ತದೆ. ಆದರೆ ಸ್ಟೆಮ್ಸ್ ಇಲ್ಲದೆ ಈಗಿನ ಹುಡುಗರು ಡಿಜೆ ಅನ್ನುವುದಿಲ್ಲ ನೋಡ್ರಿ.

ಸಪ್ತಾಪುರ ಎಡಿಟರ್

ಧಾರವಾಡದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ನಿಮಗೆ ಪೆನ್‌ಡ್ರೈವ್ ಕೊಡುವ ಜಾತಿಯವನು ನಾನು, ಹಾಗಾಗಿ ವಿಡಿಯೊ ವಿಷಯ ನಾನೇ ಹೇಳುತ್ತೇನೆ.

ಮೊದಲು ಆ ವಾಲ್‌ನಲ್ಲಿ ಎಷ್ಟು ಚುಕ್ಕಿ ಇವೆ ಅಂತ ಬಾಡಿಗೆಯವರನ್ನು ಕೇಳಿ. ಬಾಡಿಗೆಗೆ ಪಿ3.91 (ಚುಕ್ಕಿಯಿಂದ ಚುಕ್ಕಿಗೆ 3.91 ಮಿಲಿಮೀಟರ್) ಪ್ಯಾನೆಲ್ ತುಂಬಾ ಓಡಾಡುತ್ತದೆ. ಒಂದು ಪ್ಯಾನೆಲ್ ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಎತ್ತರ. ಅದರಲ್ಲಿ ಅಡ್ಡಕ್ಕೆ 128, ಉದ್ದಕ್ಕೆ 128 ಚುಕ್ಕಿ. ಸುಮಾರು 13 ಅಡಿ ಅಗಲ, 8 ಅಡಿ ಎತ್ತರದ ವಾಲ್ ಅಂದರೆ ಅಡ್ಡಕ್ಕೆ 8 ಪ್ಯಾನೆಲ್, ಮೇಲಕ್ಕೆ 5. ಗುಣಿಸಿ ನೋಡಿ: 1024 × 640. ಇಡೀ ವಾಲ್ ಇಷ್ಟೇ! ಫೋಟೊಗ್ರಾಫರ್ ಕೊಟ್ಟ 4ಕೆ ಫೈಲ್ 3840 × 2160. ಅದರಲ್ಲಿ ಹನ್ನೆರಡರಲ್ಲಿ ಒಂದು ಪಾಲೂ ವಾಲ್ ಮೇಲೆ ಬೀಳುವುದಿಲ್ಲ. ಉಳಿದದ್ದೆಲ್ಲ ನಿಮ್ಮ ಲ್ಯಾಪ್‌ಟಾಪ್ ಸುಮ್ನೆ ಹೊತ್ತು ಚೆಲ್ಲುತ್ತದೆ.

ಆದ್ದರಿಂದ 4ಕೆ ಓಡಿಸಲು ಅಂತ ದುಡ್ಡು ಸುರಿಯಬೇಡಿ. ಪೆನ್‌ಡ್ರೈವ್ ಹಿಂದಿನ ದಿನವೇ ಇಸಿದುಕೊಳ್ಳಿ. ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಫೈಲನ್ನು 1080ಪಿ ಗಾತ್ರ, ಎಚ್.264 ಮಾದರಿ, 8 ಬಿಟ್ ಬಣ್ಣಕ್ಕೆ ಬದಲಾಯಿಸಿ ಇಟ್ಟುಕೊಳ್ಳಿ. ಹಳೇ ಯಂತ್ರದಲ್ಲೂ ಓಡುತ್ತದೆ.

ಆದರೂ ಅಕ್ಕಿಕಾಳು ಬೀಳುವುದಕ್ಕೆ ಹತ್ತು ನಿಮಿಷ ಇರುವಾಗ ವಧುವಿನ ಅಣ್ಣ ಓಡಿ ಬಂದು ಪೆನ್‌ಡ್ರೈವ್ ಕೊಡುತ್ತಾನೆ, ನನಗೆ ಗೊತ್ತು. ಆಗ ಲ್ಯಾಪ್‌ಟಾಪ್ ತಾನೇ ಸಂಭಾಳಿಸಬೇಕು. ಅದಕ್ಕೆ ಪ್ರೊಸೆಸರ್ ಒಳಗೇ ವಿಡಿಯೊ ಬಿಚ್ಚುವ ಭಾಗ ಇರುತ್ತದೆ, ಅದು ಯಾವ ಫೈಲ್ ಓದುತ್ತದೆ ಅನ್ನುವುದೇ ಮುಖ್ಯ. ನಿಮ್ಮ 4ನೇ ಜನರೇಶನ್ ಐ3ಗೆ ಎಚ್.265 ಅನ್ನೋ ಹೊಸ ಮಾದರಿಯ ಫೈಲ್ ಹಾರ್ಡ್‌ವೇರ್‌ನಲ್ಲಿ ಓದಲು ಬರುವುದೇ ಇಲ್ಲ. ಎಲ್ಲಾ ಭಾರ ಪ್ರೊಸೆಸರ್ ತಲೆ ಮೇಲೆ ಬೀಳುತ್ತದೆ, ಅದಕ್ಕೇ ಮದುಮಗ ನಿಂತು ನಿಂತು ನಡೆಯುತ್ತಾನೆ. 7ನೇ ಜನರೇಶನ್‌ನಿಂದ 10 ಬಿಟ್ ಎಚ್.265 ಕೂಡ ಬರುತ್ತದೆ. 11ನೆಯದರಿಂದ ಎವಿ1 ಅನ್ನೋ ಇನ್ನೊಂದು ಮಾದರಿಯೂ ಬರುತ್ತದೆ, ನೆಟ್‌ನಿಂದ ಇಳಿಸಿದ ಫೈಲ್ ಈಗೀಗ ಆ ತರಹ ಇರುತ್ತವೆ.

ಒಂದು ತಮಾಷೆ ಕೇಳಿ. ಹೊಸ ಕ್ಯಾಮೆರಾಗಳಲ್ಲಿ ಬಣ್ಣದ ವಿವರ ಜಾಸ್ತಿ ಇರುವ 4:2:2 10 ಬಿಟ್ ಅಂತ ಶೂಟ್ ಮಾಡುತ್ತೇವೆ. ಎಡಿಟ್ ಮಾಡದ ಆ ಕ್ಲಿಪ್ಪನ್ನೇ ಯಾರಾದರೂ ಅವಸರಕ್ಕೆ ಕೊಟ್ಟರೆ, ಎಚ್.265 ಆಗಿದ್ದಾಗ 11ನೇ ಜನರೇಶನ್ ಮತ್ತು ಅದರ ಮೇಲಿನ ಇಂಟೆಲ್‌ನ ಸಾದಾ ಗ್ರಾಫಿಕ್ಸ್ ಅದನ್ನು ಆರಾಮಾಗಿ ಓದುತ್ತದೆ. ಮೇಲೆ ಹೇಳಿದ ಆರ್‌ಟಿಎಕ್ಸ್ 3050 ಕಾರ್ಡ್‌ಗೆ ಅದು ಬರುವುದಿಲ್ಲ. ಎನ್‌ವಿಡಿಯಾದಲ್ಲಿ 50ರ ಸರಣಿಯಿಂದ ಮಾತ್ರ ಬಂತು. ಬರೀ ವಿಡಿಯೊ ತೋರಿಸುವುದಕ್ಕೆ ದುಬಾರಿ ಕಾರ್ಡ್ ಯಾಕೆ ಬೇಡ ಅಂದರೆ ಇದಕ್ಕೆ.

ವಾಲ್ ಹಚ್ಚಿದ ಮೇಲೆ ವಿಂಡೋಸ್ ಕೀ ಜೊತೆ ಪಿ ಒತ್ತಿ 'ಎಕ್ಸ್‌ಟೆಂಡ್' ಮಾಡಿ, 'ಡುಪ್ಲಿಕೇಟ್' ಅಲ್ಲ. ಇಲ್ಲದಿದ್ದರೆ ನಿಮ್ಮ ಹಾಡಿನ ಪಟ್ಟಿ, ಮನೆಯಿಂದ ಬಂದ ಮೆಸೇಜ್ ಎಲ್ಲಾ ಬೀಗರು ಓದುತ್ತಾರೆ. ನಮ್ಮ ಕಡೆಯ ವಿಡಿಯೊ 25 ಅಥವಾ 50 ಫ್ರೇಮ್ ಇರುತ್ತದೆ. ವಾಲ್ ಒಪ್ಪಿದರೆ ಆ ಸ್ಕ್ರೀನನ್ನು 50 ಹರ್ಟ್ಸ್‌ಗೆ ಇಡಿ, ಓಟ ನುಣುಪಾಗುತ್ತದೆ. 1024 × 640 ವಾಲ್‌ನಲ್ಲಿ ಮಾಮೂಲಿ ವಿಡಿಯೊ ಹಾಕಿದರೆ ಮೇಲೆ ಕೆಳಗೆ ಐದೈದು ಇಂಚು ಕಪ್ಪು ಪಟ್ಟಿ ಉಳಿಯುತ್ತದೆ. ಉಳಿಯಲಿ ಬಿಡಿ. ಪೂರ್ತಿ ತುಂಬಲಿ ಅಂತ ಎಳೆಯಲು ಹೋದರೆ ಮದುಮಗಳ ಮುಖ ಉದ್ದ ಆಗುತ್ತದೆ, ಬೈಗುಳ ನಮಗೆ ಬರುತ್ತದೆ.

ಬೆಟಗೇರಿ ಹುಡುಗ

ಎಡಿಟರ್ ಸಾಹೇಬ್ರ, ಇದನ್ನು ಕಾಕಾಗೆ ಓದಿ ಹೇಳಿದೆ. "ಅಷ್ಟು ದೊಡ್ಡ ವಾಲ್‌ನ್ಯಾಗ ಇಷ್ಟ ಚುಕ್ಕಿ ಅಂದ್ರ ಬಾಡಿಗಿ ಯಾಕ ಅಷ್ಟು ತಗೋತಾರ" ಅಂತ ಈಗ ಬೇರೆ ಜಗಳ ಶುರು ಮಾಡಿದ್ದಾರೆ.

ಎರಡು ಪ್ರಶ್ನೆ. ಚಾರ್ಜರ್ ಹಾಕಿದ ಕೂಡಲೇ ಸ್ಪೀಕರ್‌ನಲ್ಲಿ ಗುಂಯ್ ಅಂತ ಬರುತ್ತದೆ, ತೆಗೆದರೆ ಹೋಗುತ್ತದೆ. ಹೊಸ ಲ್ಯಾಪ್‌ಟಾಪ್‌ಗೂ ಬರುತ್ತದಾ? ಒಬ್ಬರು ಪ್ಲಗ್‌ನ ಮೂರನೇ ಪಿನ್ ಮುರಿದುಬಿಡು ಅಂದರು. ಇನ್ನೊಂದು, ವಾಲ್ ಸ್ಟೇಜ್ ಮೇಲೆ, ನಾನು ಮಂಟಪದ ಹಿಂದಿನ ಮೂಲೆಯಲ್ಲಿ. ವೈರ್ ಉದ್ದ ಇದ್ದಾಗ ಚಿತ್ರ ಹೋಗಿ ಹೋಗಿ ಬರುತ್ತದೆ. ಅದು ಲ್ಯಾಪ್‌ಟಾಪ್ ದೋಷವಾ?

ಹಾನಗಲ್ ಮಾಮಾ

ಪಿನ್ ಮುರಿಯಬೇಡ. ಯಾರು ಹೇಳಿದರೂ ಮುರಿಯಬೇಡ. ಅದು ಅರ್ತ್. ಜನರೇಟರ್ ಮೇಲೆ, ಮಳೆ ಬಿದ್ದ ನೆಲದ ಮೇಲೆ ಕೆಲಸ ಮಾಡುವವರು ನಾವು. ನಿನ್ನ ಕೈ ಒಂದು ಕಡೆ ಕಂಟ್ರೋಲರ್ ಮೇಲೆ, ಒಂದು ಕಡೆ ಮೈಕ್ ಮೇಲೆ ಇರುತ್ತದೆ.

ಗುಂಯ್ ಬರುವುದು ಯಾಕೆ ಅಂದರೆ, ಲ್ಯಾಪ್‌ಟಾಪ್ ಚಾರ್ಜರ್ ಒಂದು ದಾರಿಯಲ್ಲಿ ಅರ್ತ್ ಮುಟ್ಟಿದೆ, ಆಂಪ್ಲಿಫೈಯರ್ ಇನ್ನೊಂದು ದಾರಿಯಲ್ಲಿ. ಕಂಟ್ರೋಲರ್‌ನಿಂದ ಹಾಡು ಹೊರಗೆ ಒಯ್ಯುವ ಆರ್‌ಸಿಎ ವೈರ್ ನಡುವೆ ಸೇರಿ ಒಂದು ಸುತ್ತು ಆಯಿತು. ಆ ಸುತ್ತಿನಲ್ಲಿ ಓಡುವ ಕರೆಂಟೇ ಸ್ಪೀಕರ್‌ನಲ್ಲಿ ಕೇಳುತ್ತದೆ. ಕಂಟ್ರೋಲರ್‌ಗೂ ಮಿಕ್ಸರ್‌ಗೂ ನಡುವೆ ಎರಡು ಚಾನೆಲ್‌ನ ಡಿಐ ಬಾಕ್ಸ್ ಹಾಕು, ಒಳಗೆ ಟ್ರಾನ್ಸ್‌ಫಾರ್ಮರ್ ಇರುವಂಥದ್ದು. 'ಗ್ರೌಂಡ್ ಲಿಫ್ಟ್' ಅಂತ ಗುಂಡಿ ಇರುತ್ತದೆ, ಒತ್ತಿದರೆ ಆ ಸುತ್ತು ಕಡಿದು ಗುಂಯ್ ಹೋಗುತ್ತದೆ. ಲ್ಯಾಪ್‌ಟಾಪ್ ಮತ್ತು ಮಿಕ್ಸರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಟ್ಟರೆ ಅರ್ಧ ಕಡಿಮೆ ಆಗುತ್ತದೆ. ಹೊಸ ಲ್ಯಾಪ್‌ಟಾಪ್ ತಂದರೂ ಇದು ಬರಬಹುದು, ಹಾಗಾಗಿ ಡಿಐ ಬಾಕ್ಸ್‌ಗೆ ದುಡ್ಡು ತೆಗೆದಿಟ್ಟುಕೋ.

ಸಪ್ತಾಪುರ ಎಡಿಟರ್

ವೈರ್ ಮಾತು: ತಾಮ್ರದ ಮಾಮೂಲಿ ಎಚ್‌ಡಿಎಂಐ ಹತ್ತು ಮೀಟರ್ ದಾಟಿದರೆ ನಂಬಬೇಡಿ. ಲ್ಯಾಪ್‌ಟಾಪ್ ತಪ್ಪಲ್ಲ. ಫೈಬರ್ ಎಚ್‌ಡಿಎಂಐ ಸಿಗುತ್ತದೆ. ಅದರ ಒಂದು ತುದಿಯಲ್ಲಿ ಸೋರ್ಸ್, ಇನ್ನೊಂದರಲ್ಲಿ ಡಿಸ್‌ಪ್ಲೇ ಅಂತ ಬರೆದಿರುತ್ತದೆ. ತಿರುಗಿಸಿ ಎಳೆದರೆ ಚಿತ್ರವೇ ಬರುವುದಿಲ್ಲ, ಕಾರ್ಪೆಟ್ ಕೆಳಗೆ ಹಾಕಿ ಟೇಪ್ ಹಚ್ಚುವ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಕ್ಯಾಟ್6 ವೈರ್ ಮೇಲೆ ಕಳಿಸುವ ಎಕ್ಸ್‌ಟೆಂಡರ್ ತಗೊಳ್ಳಿ. ಕ್ಯಾಟ್6 ತುಳಿತಕ್ಕೆ ಸಿಕ್ಕಿ ಹಾಳಾದರೆ ಹೊಸ ತುದಿ ಕ್ರಿಂಪ್ ಮಾಡಬಹುದು, ಫೈಬರ್ ಮಡಚಿದರೆ ಹೋಯಿತು. ಊಟದ ಪಂಕ್ತಿ ಹಾದುಹೋಗುವ ಮಂಟಪಗಳಿಗೆ ನಾನು ಕ್ಯಾಟ್6 ಅನ್ನುತ್ತೇನೆ.

ಹುಡುಗರು ಕ್ರಿಕೆಟ್ ಮ್ಯಾಚ್ ಹಾಕು ಅಂತ ಹಟ ಹಿಡಿದಾಗ ಒಟಿಟಿ ಆ್ಯಪ್ ತೆರೆದರೆ ವಾಲ್ ಕಪ್ಪಾಗಬಹುದು. ಅದು ಎಚ್‌ಡಿಸಿಪಿ ಅನ್ನೋ, ಕಾಪಿ ತಡೆಯುವ ಬೀಗ. ವಾಲ್‌ನ ಪೆಟ್ಟಿಗೆ ಅದನ್ನು ಒಪ್ಪದಿದ್ದರೆ ಯಾವ ಲ್ಯಾಪ್‌ಟಾಪ್ ತಂದರೂ ಅಷ್ಟೇ.

ರಿಪೇರಿ ಟೇಬಲ್

ಹುಬ್ಬಳ್ಳಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ಸೌಂಡ್‌ನವರ ಲ್ಯಾಪ್‌ಟಾಪ್ ಟೇಬಲ್‌ಗೆ ಬಂದರೆ ಬಿಚ್ಚುವ ಮೊದಲೇ ಗೊತ್ತಾಗುತ್ತದೆ. ಫ್ಯಾನ್‌ಗೂ ತಾಮ್ರದ ರೆಕ್ಕೆಗೂ ನಡುವೆ ಧೂಳು ಕಂಬಳಿ ತುಂಡಿನ ಹಾಗೆ ಕೂತಿರುತ್ತದೆ. ಅದರ ಮೇಲೆ ಮದುವೆಯ ಮಿಂಚಿನ ಪುಡಿ, ಬಣ್ಣದ ಕಾಗದದ ಚೂರು. ಹೊರಗಿನಿಂದ ಬ್ಲೋವರ್ ಊದಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಸೀಸನ್ ಮುಗಿದ ಮೇಲೆ, ಆಷಾಢದಲ್ಲಿ ಹೇಗೂ ಮದುವೆ ಇಲ್ಲ, ಬಿಚ್ಚಿಸಿ ಧೂಳು ತೆಗೆಸಿ, ಪ್ರೊಸೆಸರ್‌ಗೆ ಥರ್ಮಲ್ ಪೇಸ್ಟ್ ಹಾಕಿಸಿ.

ಮ್ಯಾಕ್‌ಬುಕ್ ಏರ್ ಎಂ1ಗೆ ಫ್ಯಾನೇ ಇಲ್ಲ, ಧೂಳಿಗೆ ಅದು ಒಳ್ಳೆಯದು. ಹಾಡಿನ ಕೆಲಸಕ್ಕೂ ಚಲೋ. ಆದರೆ ಎಚ್‌ಡಿಎಂಐ ಇಲ್ಲ, ಎರಡೇ ಯುಎಸ್‌ಬಿ-ಸಿ ಕಿಂಡಿ. ಚಾರ್ಜರ್, ಕಂಟ್ರೋಲರ್, ವಾಲ್, ಪೆನ್‌ಡ್ರೈವ್ ಎಲ್ಲಾ ಒಂದು ಹಬ್‌ಗೆ ನೇತುಹಾಕಬೇಕು. ಟ್ರೇಲರ್ ಕುಣಿಯುವಾಗ ಆ ಹಬ್ ಅಲುಗಿದರೆ ಎಲ್ಲಾ ಒಟ್ಟಿಗೆ ಹೋಗುತ್ತದೆ. ನಿಮ್ಮ ಕೆಲಸಕ್ಕೆ ನಾನು ಹೇಳುವುದಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಇಂಟೆಲ್ 8ನೇ ಜನರೇಶನ್‌ಗಿಂತ ಕೆಳಗೆ ಹೋಗಬೇಡಿ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 8ನೇ ಜನರೇಶನ್‌ಗಿಂತ ಹಳೆಯದಕ್ಕೆ ಸರಿಯಾಗಿ ಸಿಗುವುದಿಲ್ಲ. ಅದಕ್ಕೇ 6, 7ನೇ ಜನರೇಶನ್ ಮಾಲು ಈಗ ಮಾರ್ಕೆಟ್‌ನಲ್ಲಿ ಅಗ್ಗಕ್ಕೆ ಸುರಿಯುತ್ತಿದೆ, ಬಲೆಗೆ ಬೀಳಬೇಡಿ. ಥಿಂಕ್‌ಪ್ಯಾಡ್ ಟಿ480 ಸಿಕ್ಕರೆ ನೋಡಿ. ಒಳಗೊಂದು ಬ್ಯಾಟರಿ, ಹೊರಗೊಂದು. ಹೊರಗಿನದನ್ನು ಓಡುವಾಗಲೇ ಬದಲಾಯಿಸಬಹುದು. ಎವಿ1 ಮಾತ್ರ ಅದಕ್ಕೆ ಬರುವುದಿಲ್ಲ.

ತಗೊಳ್ಳುವ ಮೊದಲು ಲೇಟೆನ್ಸಿಮಾನ್ ಅನ್ನೋ ಸಣ್ಣ ಸಾಫ್ಟ್‌ವೇರ್ ಹಾಕಿ ಹತ್ತು ನಿಮಿಷ ಓಡಿಸಿ. ಯಾವ ಡ್ರೈವರ್ ಹಾಡಿಗೆ ಅಡ್ಡ ಬರುತ್ತದೆ ಅಂತ ಹೆಸರು ಹಿಡಿದು ಹೇಳುತ್ತದೆ. ಹೊಸ ಪೀಸ್‌ಗೆ ಅಂಗಡಿಯವರು ಬಿಡುವುದಿಲ್ಲ, ಹಳೆಯದಕ್ಕೆ ಬಿಡುತ್ತಾರೆ.

ಹೊಸದಾದರೆ ಹೆಸರಿನ ಕೊನೆಗೆ ಎಚ್ ಇರುವ ಪ್ರೊಸೆಸರ್ ಕೇಳಿ, ಐ5-12450ಎಚ್ ಮತ್ತು ಅದರ ಮೇಲೆ. ಯು ಇರುವುದು 15 ವ್ಯಾಟ್‌ಗೆ ಮಾಡಿದ್ದು, ಎಚ್ 45 ವ್ಯಾಟ್‌ಗೆ. ಎಚ್ ಲ್ಯಾಪ್‌ಟಾಪ್‌ಗೆ ದೊಡ್ಡ ಫ್ಯಾನ್ ಕೊಡಲೇಬೇಕಾಗುತ್ತದೆ, ನಮಗೆ ಬೇಕಾದದ್ದು ಅದೇ. ಸ್ಕ್ರೀನಿನ ಬೆಳಕು 250 ನಿಟ್ಸ್ ಅಂತ ಇದ್ದರೆ ಬಿಸಿಲಲ್ಲಿ ನಿಮ್ಮ ಮುಖವೇ ಕಾಣುತ್ತದೆ, 300ರ ಮೇಲೆ ನೋಡಿ.

ಬೆಟಗೇರಿ ಹುಡುಗ

ಎಲ್ಲರಿಗೂ ಭಾಳ ಉಪಕಾರ ಆಯ್ತು. ಕಾಕಾ ಮತ್ತು ನಾನು ಕೂತು ಲೆಕ್ಕ ಹಾಕಿದೆವು. ಹೊಸದೇ ತರುತ್ತೇವೆ, 12450ಎಚ್, 512 ಎಸ್‌ಎಸ್‌ಡಿ, ದೊಡ್ಡ ಕಾರ್ಡ್ ಇಲ್ಲದ್ದು. ಸ್ಟೆಮ್ಸ್ ಬೇಕಾದ ಹಾಡಿಗೆ ಮನೆಯಲ್ಲೇ ದನಿ ತೆಗೆದು ಫೈಲ್ ಮಾಡಿ ಇಟ್ಟುಕೊಳ್ಳುತ್ತೇನೆ, ಹುಬ್ಬಳ್ಳಿ ಅಣ್ಣಾ ಬೈಯಬೇಡಿ. ಉಳಿದ ದುಡ್ಡಿಗೆ ಡಿಐ ಬಾಕ್ಸ್, ಎಕ್ಸ್‌ಟೆಂಡರ್, ಸ್ಟ್ಯಾಂಡ್. ಹಳೆಯದಕ್ಕೆ ಎಸ್‌ಎಸ್‌ಡಿ ಹಾಕಿಸಿ, ಅದೇ ಹಾಡು ತುಂಬಿ ಪಕ್ಕಕ್ಕೆ ಇಡುತ್ತೇನೆ.

ಅಂಗಡಿಯಲ್ಲಿ 16 ಜಿಬಿ ಒಂದೇ ಕಡ್ಡಿಯಲ್ಲಿ ಇರುವುದೂ ಇದೆ, 8 ಮತ್ತು 8 ಇರುವುದೂ ಇದೆ. ಯಾವುದು? ಮತ್ತೆ ವಿಂಡೋಸ್ ಅಪ್‌ಡೇಟ್ ಮೆರವಣಿಗೆ ನಡುವೆ ಶುರು ಆಗದ ಹಾಗೆ ಏನು ಮಾಡಬೇಕು?

ರಿಪೇರಿ ಟೇಬಲ್

8 ಮತ್ತು 8. ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ವಿಡಿಯೊ ಕೆಲಸಕ್ಕೂ ಇದೇ ರ‍್ಯಾಮ್ ಬಳಕೆ ಆಗುತ್ತದೆ. ಎರಡು ಕಡ್ಡಿ ಇದ್ದರೆ ಎರಡು ದಾರಿಯಲ್ಲಿ ಓಡುತ್ತದೆ, ವೇಗ ಜಾಸ್ತಿ.

ಹಾನಗಲ್ ಮಾಮಾ

ವಿಂಡೋಸ್ 11ರಲ್ಲಿ ಅಪ್‌ಡೇಟ್ ಐದು ವಾರದ ತನಕ ತಡೆಯಬಹುದು. ಆಮೇಲೆ ಒಂದು ಸಲ ಹಾಕಿಸಿಕೊಂಡು ಮತ್ತೆ ತಡೆಯಬೇಕು. ಐದು ವಾರದೊಳಗೆ ಒಂದು ಅಮಾವಾಸ್ಯೆ ಬಂದೇ ಬರುತ್ತದೆ, ಅವತ್ತು ಯಾರೂ ಲಗ್ನ ಇಟ್ಟುಕೊಳ್ಳುವುದಿಲ್ಲ. ಅವತ್ತೇ ಹಾಕು. ಹಾಕಿದ ಮೇಲೆ ಕಂಟ್ರೋಲರ್ ಹಚ್ಚಿ ಅರ್ಧ ತಾಸು ಹಾಡು ಓಡಿಸಿ ನೋಡು, ಸೌಂಡ್ ಸೆಟ್ಟಿಂಗ್ ಒಮ್ಮೊಮ್ಮೆ ಬದಲಾಗಿರುತ್ತದೆ.